ಕೆರೆ ಬಗ್ಗೆ ಹುಡುಕಿದ್ರೆ ಮಿಲಿಟರಿ ಟ್ಯಾಂಕ್ ಬರ್ತಿದೆ, ಕೀವರ್ಡ್ ಹೆಂಗೆ ಹಾಕ್ಬೇಕು?

ಕೆರೆಏರಿ: ಎಲ್ರಿಗೂ ನಮಸ್ಕಾರ. ಪಿಎಚ್‌ಡಿ ಮಾಡ್ತಿದೀನಿ, ವಿಷಯ ಹಳೇ ಮೈಸೂರಿನ ಕೆರೆ ನಿರ್ವಹಣೆ, 1881ರಿಂದ 1947ರ ತನಕ. ಜೆಸ್ಟೋರ್ ಅನ್ನೋ ಸಂಶೋಧನಾ ಲೇಖನಗಳ ವೆಬ್‌ಸೈಟಲ್ಲಿ ಕರ್ನಾಟಕ, ಟ್ಯಾಂಕ್ ಅಂತ ಇಂಗ್ಲಿಷಲ್ಲಿ ಹಾಕಿದ್ರೆ ಸೈನ್ಯದ ಟ್ಯಾಂಕು, ಸೆಪ್ಟಿಕ್ ಟ್ಯಾಂಕು ಎಲ್ಲಾ ಬರುತ್ತೆ, ಪ್ರಶ್ನೇನ ಪೂರ್ತಿ ವಾಕ್ಯವಾಗಿ ಟೈಪ್ ಮಾಡಿದ್ರೆ ಇನ್ನೂ ಕೆಡುತ್ತೆ. ಯಾರಾದ್ರೂ ದಾರಿ ತೋರ್ಸಿ ಪ್ಲೀಸ್.

ಲೈಬ್ರರಿಮೇಷ್ಟ್ರು: ವಾಕ್ಯ ಬೇಡ, ಆ ಕಾಲದವರು ಏನಂತ ಬರೀತಿದ್ರೋ ಆ ಪದ ಹಾಕಿ. ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬಂದಿದ್ದೇ 1973ರ ನವೆಂಬರ್ 1ಕ್ಕೆ, ನಿಮ್ಮ ಕಾಲದ ವರದಿಗಳಲ್ಲಿ ಇರೋದು ಮೈಸೂರು, ಅದೂ ಹಳೇ ಇಂಗ್ಲಿಷ್ ಸ್ಪೆಲ್ಲಿಂಗಲ್ಲಿ. ಈಗಿನವರ ಲೇಖನಾನೂ ಬೇಕಲ್ವಾ, ಅದಕ್ಕೆ ಎರಡೂ ಹೆಸರನ್ನ ಬ್ರಾಕೆಟ್ ಒಳಗಿಟ್ಟು ಮಧ್ಯೆ ಕ್ಯಾಪಿಟಲ್ ಅಕ್ಷರದಲ್ಲಿ ಆರ್ (OR) ಹಾಕಿ, ಆಮೇಲೆ ಆಂಡ್ (AND) ಹಾಕಿ ಕೆರೆ ಕಡೆ ಪದ ಸೇರ್ಸಿ. ಟ್ಯಾಂಕ್ ಬಿಡಕ್ಕಾಗಲ್ಲ, ಬ್ರಿಟಿಷರು ಕೆರೆಗೆ ಬರೆದಿದ್ದೇ ಅದು. ಟ್ಯಾಂಕ್ ಇರಿಗೇಶನ್ ಎರಡನ್ನೂ ಕೋಟ್ಸ್ ಒಳಗಿಟ್ಟು, ಕೋಟ್ಸ್ ಮುಗಿದ ತಕ್ಷಣ ಟಿಲ್ಡ ಚಿಹ್ನೆ (~), ಅದಕ್ಕಂಟಿ 10 ಅಂತ ಕೊಡಿ, ಹತ್ತು ಪದದೊಳಗೆ ಎರಡೂ ಬಂದಿರೋದು ಮಾತ್ರ ಸಿಗುತ್ತೆ. ನಾಟ್ ಹಾಕಿ ಮಿಲಿಟರಿ ಪದಾನ ತೆಗೀಬೇಡಿ, ಸೈನ್ಯದ ಖರ್ಚು ಕೆರೆ ರಿಪೇರಿ ಎರಡರ ಬಗ್ಗೇನೂ ಯಾರಾದ್ರೂ ಬರೆದಿದ್ರೆ ಆ ಒಳ್ಳೇ ಲೇಖನಾನೂ ಕಾಣದಂಗಾಗುತ್ತೆ.

ಕೆರೆಏರಿ: ತುಂಬಾ ಥ್ಯಾಂಕ್ಸ್ ಸರ್, ಸೆಪ್ಟಿಕ್ ಟ್ಯಾಂಕ್ ಹೋಯ್ತು! ಆದ್ರೆ ನೀರುಗಂಟಿ, ಅಂದ್ರೆ ಕೆರೆ ನೀರನ್ನ ಗದ್ದೆಗಳಿಗೆ ಬಿಡೋ ಊರಿನ ಕೆಲಸಗಾರ, ಅಂತ ಹಾಕಿದ್ರೆ ಬೆರಳೆಣಿಕೆಯಷ್ಟೇ ಬರ್ತಿದೆ, ನನಗೆ ಮುಖ್ಯವಾಗಿ ಬೇಕಾಗಿರೋದೇ ಅವರ ವಿಷಯ.

ಲೈಬ್ರರಿಮೇಷ್ಟ್ರು: ಸ್ಪೆಲ್ಲಿಂಗ್ ಒಂದೊಂದು ಕಡೆ ಒಂದೊಂದು ಥರ ಇರುತ್ತಮ್ಮ. ಒಬ್ರು ಡಬಲ್ ಇ ಹಾಕ್ತಾರೆ, ಒಬ್ರು ಬರೀ ಐ, ಕೆಲವರು ನೀರಗಂಟಿ ಅಂತಾರೆ, ಇನ್ನು ಕೆಲವರು ನಿರ್ಗಂಟಿ. ಎಲ್ಲಾನೂ ಆರ್ ಕೊಟ್ಟು ಜೋಡಿಸಿ. ಪದದ ಬಾಲ ಬದಲಾಗೋ ಕಡೆ ಸ್ಟಾರ್ ಹಾಕ್ಬಹುದು, ಆದ್ರೆ ಗೂಗಲ್ ಸ್ಕಾಲರಲ್ಲಿ ಈ ಸ್ಟಾರ್ ನಡೆಯಲ್ಲ, ಅಲ್ಲಿ ಪ್ರತಿ ಸ್ಪೆಲ್ಲಿಂಗೂ ಬಿಡಿಸಿ ಬರೀಬೇಕು.

ಮಲ್ನಾಡ್‌ಓದುಗ: ಒಂದು ಸೇರಿಸ್ತೀನಿ. ಒಂದೇ ಒಂದು ಒಳ್ಳೇ ಲೇಖನ ಸಿಕ್ಕಿದ್ರೂ ಅದರ ಅಡಿಟಿಪ್ಪಣಿ ಓದಿ ಮೇಡಂ, ಹೊಸ ಕೀವರ್ಡ್ ಅಲ್ಲೇ ಇರುತ್ತೆ, ಶಾನುಭೋಗ, ತೋಟಿ, ಟ್ಯಾಂಕ್ ಪಂಚಾಯತ್ ಥರದ್ದು. ಸ್ಕಾಲರಲ್ಲಿ ಆ ಲೇಖನದ ಕೆಳಗಿರೋ ಸೈಟೆಡ್ ಬೈ ಒತ್ತಿ, ಅದನ್ನ ಆಮೇಲೆ ಯಾರ್ಯಾರು ಬಳಸಿದಾರೆ ಗೊತ್ತಾಗುತ್ತೆ. ಭಾರತದ ಪಿಎಚ್‌ಡಿ ಪ್ರಬಂಧಗಳನ್ನ ಇಡೋ ಶೋಧಗಂಗಾ ವೆಬ್‌ಸೈಟಲ್ಲಿ ಕನ್ನಡದಲ್ಲೇ ಬರೆದವೂ ಇವೆ, ಅಲ್ಲಿ ಕೆರೆ, ನೀರಾವರಿ ಅಂತ ಕನ್ನಡ ಅಕ್ಷರದಲ್ಲೂ ಹುಡುಕಿ, ಇಂಗ್ಲಿಷ್ ಅಕ್ಷರದಲ್ಲೂ ಹುಡುಕಿ.

ಕೆರೆಏರಿ: ಶೋಧಗಂಗಾ ಇವತ್ತು ರಾತ್ರೀನೇ ನೋಡ್ತೀನಿ. ನೀರುಗಂಟಿಗೆ ಬೇರೆ ಸ್ಪೆಲ್ಲಿಂಗ್ ಯಾರ ಕಣ್ಣಿಗಾದ್ರೂ ಬಿದ್ದಿದ್ರೆ ಇಲ್ಲೇ ಹಾಕಿ, ನನ್ನ ಪೂರ್ತಿ ಸರ್ಚ್ ಲೈನ್ ಕೂಡ ಇಲ್ಲೇ ಪೋಸ್ಟ್ ಮಾಡ್ತೀನಿ.