ಸಿಬಿಟಿ ಚಿಕಿತ್ಸಕರ ‘ಸೂಪರ್‌ವಿಷನ್’ಗೆ ‘ಮೇಲ್ವಿಚಾರಣೆ’ ಒಗ್ಗುತ್ತದೆಯೇ?

ಬಳಗದವರಿಗೆಲ್ಲ ಬಳ್ಳಾರಿಯಿಂದ ನಮಸ್ಕಾರ.

ಅರಿವು-ವರ್ತನಾ ಚಿಕಿತ್ಸೆ, ಅಂದರೆ ಯೋಚನೆ-ನಡವಳಿಕೆಗಳನ್ನು ಪರಿಶೀಲಿಸಿ ಬದಲಿಸಿಕೊಳ್ಳಲು ನೆರವಾಗುವ ಮಾತಿನ ಚಿಕಿತ್ಸೆಯಾದ ಸಿಬಿಟಿ, ಕಲಿಯುತ್ತಿರುವವರಿಗಾಗಿ ಕನ್ನಡದಲ್ಲಿ ಕಿರು ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅನುಭವಿ ಚಿಕಿತ್ಸಕರು ಕಿರಿಯರೊಡನೆ ಕೂತು ಅವರ ಪ್ರಕರಣಗಳನ್ನು ಪರಿಶೀಲಿಸುವ ‘ಸೂಪರ್‌ವಿಷನ್’ಗೆ ಯಾವ ಪದ ಬಳಸಲಿ?

ನಿಘಂಟು ‘ಮೇಲ್ವಿಚಾರಣೆ’ ಎನ್ನುತ್ತದೆ. ನಮ್ಮಲ್ಲಿ ಮೇಲ್ವಿಚಾರಕರು ಎಂದರೆ ಹಾಸ್ಟೆಲಿನವರು, ಅಂಗನವಾಡಿ ವಲಯದವರು, ಪರೀಕ್ಷಾ ಕೊಠಡಿಯವರು. ತಪ್ಪು ಹಿಡಿಯಲು ಬಂದಿದ್ದಾರೆಂಬ ಅಳುಕು ಆ ಪದದೊಡನೆಯೇ ಬರುತ್ತದೆ. ಅಳುಕಿದವರು ತಾವು ಎಡವಿದ ಭಾಗವನ್ನು ಮುಚ್ಚಿಟ್ಟು ಚೆನ್ನಾಗಿ ನಡೆದದ್ದನ್ನಷ್ಟೇ ಒಪ್ಪಿಸುತ್ತಾರೆ. ಭೇಟಿ ಅಲ್ಲಿಗೇ ಕೆಟ್ಟಂತೆ.

ಕೆಲಸ ನಡೆಯುವ ಬಗೆ ನೋಡಿ. ಸಿಬಿಟಿಗಿರುವ ಚೌಕಟ್ಟೇ ಇದಕ್ಕೂ ಇದೆ: ಇಂದು ಏನನ್ನು ಚರ್ಚಿಸಬೇಕೆಂದು ಇಬ್ಬರೂ ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ, ಕೊನೆಗೆ ಮುಂದಿನ ಭೇಟಿಯವರೆಗಿನ ಅಭ್ಯಾಸ. ನಡುವೆ, ರೋಗಿಯ ಒಪ್ಪಿಗೆ ಪಡೆದು ಮಾಡಿದ ಧ್ವನಿಮುದ್ರಣವನ್ನು ಕೇಳುತ್ತಾರೆ. ರೋಗಿ ‘ಎದೆ ಡವಗುಟ್ಟುತ್ತದೆ, ಸತ್ತೇ ಹೋಗುತ್ತೇನೆ ಅನ್ನಿಸುತ್ತದೆ’ ಎಂದೊಡನೆ ಚಿಕಿತ್ಸಕಿ ‘ಹಾಗೇನೂ ಆಗುವುದಿಲ್ಲ ಬಿಡಿ’ ಎಂದುಬಿಡುತ್ತಾರೆ ಎನ್ನೋಣ. ಆ ಸಮಾಧಾನದಿಂದ ರೋಗಿ ಸ್ವಲ್ಪ ಹೊತ್ತು ತಣ್ಣಗಾದಾರು, ಸಾಯುತ್ತೇನೆಂಬ ನಂಬಿಕೆ ಮಾತ್ರ ಹಾಗೇ ಉಳಿಯುತ್ತದೆ. ಹಿರಿಯರು ಮುದ್ರಣ ನಿಲ್ಲಿಸಿ, ‘ಆಗ ನಿಮ್ಮ ಮನಸ್ಸಿಗೆ ಏನು ಬಂತು?’ ಎಂದು ಕೇಳುತ್ತಾರೆ. ಆಕೆಗೂ ಗಾಬರಿಯಾಗಿತ್ತೆಂಬುದು ಹೊರಬರುತ್ತದೆ. ಬಳಿಕ ಹಿರಿಯರೇ ರೋಗಿಯಾಗಿ ಕೂತು, ಆ ನಂಬಿಕೆಗೆ ಆಧಾರವೇನೆಂದು ಆಕೆಯಿಂದ ಮೆಲ್ಲಗೆ ಕೇಳಿಸುತ್ತಾರೆ. ನನಗೆ ಇದೇ ಈ ಕೆಲಸದ ತಿರುಳು.

‘ಮಾರ್ಗದರ್ಶನ’ ಎಂದರೆ ಕಲಿಸುವುದು ಬರುತ್ತದೆ, ರೋಗಿಯನ್ನು ಕಾಯುವ ಹೊಣೆ ಬಿಟ್ಟುಹೋಗುತ್ತದೆ. ಆತ್ಮಹತ್ಯೆಯ ಯೋಚನೆ ಇರುವ ರೋಗಿಯಿದ್ದರೆ ಉಳಿದೆಲ್ಲ ಚರ್ಚೆ ಆಮೇಲೆ. ‘ಸಮಾಲೋಚನೆ’ ಆಗಲೇ ಕೌನ್ಸೆಲಿಂಗ್‌ಗೆ ಸಂದಿದೆ. ‘ಉಸ್ತುವಾರಿ’ಯಲ್ಲಿ ಹೊಣೆಯಿದೆ, ಆದರೆ ಅದು ಜಿಲ್ಲಾ ಸಚಿವರಿಗೆ ಅಂಟಿಕೊಂಡ ಪದ. ಸದ್ಯಕ್ಕೆ ನನ್ನ ಒಲವು ‘ಚಿಕಿತ್ಸಾ ಮಾರ್ಗದರ್ಶನ’ದ ಕಡೆಗೆ, ಹೊಣೆಯ ಮಾತನ್ನು ವಿವರಣೆಯಲ್ಲಿ ಸೇರಿಸಬಹುದು.

1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳ ಆರೈಕೆಯ ತರಬೇತಿ ಕೊಟ್ಟಿತ್ತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆಗ ಕೆಲಸ ಮಾಡಿದವರು ಬಳಗದಲ್ಲಿದ್ದರೆ, ಹಿರಿಯರೊಡನೆ ಪ್ರಕರಣ ಚರ್ಚಿಸುವುದಕ್ಕೆ ಕನ್ನಡದಲ್ಲಿ ಏನೆನ್ನುತ್ತಿದ್ದಿರಿ, ದಯವಿಟ್ಟು ತಿಳಿಸಿ. ‘ಸೂಪರ್‌ವಿಷನ್’ ಎಂದೇ ಉಳಿಸುವುದು ಲೇಸು ಎನ್ನುವವರ ಕಾರಣಗಳೂ ನನಗೆ ಬೇಕು.