ಕೀ ತಿರುಗಲಿಲ್ಲ, ನಾಲಿಗೆ ನಿಲ್ಲಲಿಲ್ಲ

ಬೆಳಗ್ಗೆ ಕಾರಿನಲ್ಲಿ ಕೂತು ಕೀ ಹಾಕಿದೆ. ಒಳಗೆ ಹೋಯಿತು. ತಿರುಗಿಸಿದೆ. ತಿರುಗಲಿಲ್ಲ. ಹೊರಗೆ ತೆಗೆದು ಅಂಗಿಗೆ ಒರೆಸಿ ಮತ್ತೆ ಹಾಕಿದೆ. ಊಹೂಂ.

ಕಾರಿನಲ್ಲಿ ಬೇರೆ ಏನೇ ಕೆಟ್ಟರೂ ಒಂದು ಸದ್ದಾದರೂ ಬರುತ್ತದೆ. ಬ್ಯಾಟರಿ ಇಳಿದಿದ್ದರೆ 'ಟಿಕ್ ಟಿಕ್' ಅಂತ ನರಳುತ್ತದೆ. ಬೆಲ್ಟು ಸಡಿಲವಾಗಿದ್ದರೆ ಕಿರುಚುತ್ತದೆ. ಕೀ ತಿರುಗದಿದ್ದರೆ ಮಾತ್ರ ಏನೂ ಇಲ್ಲ. ಮುನಿಸಿಕೊಂಡ ನೆಂಟರ ಥರ, ಕಾರಣವನ್ನೂ ಹೇಳದೆ ಮುಖ ತಿರುಗಿಸಿ ಕೂರುತ್ತದೆ.

ಆಗ ನಾನು ಮಾಡಬಾರದ ಕೆಲಸ ಮಾಡಿದೆ. ಗೆಳೆಯರಿಗೆ ಫೋನ್ ಮಾಡಿದೆ.

ಹತ್ತು ನಿಮಿಷದಲ್ಲಿ ಮೂವರೂ ಹಾಜರು. ಸಾಲ ಕೇಳಿದಾಗ ಇಷ್ಟು ಬೇಗ ಬಂದಿದ್ದರೆ ನಾನು ಇವತ್ತು ಬೇರೆ ಕಾರಿನಲ್ಲಿರುತ್ತಿದ್ದೆ. ಮೊದಲು ಬಂದವನು ಸೀನ.

"ಬಲ ಹಾಕಿದ್ಯಾ?" ಅಂದ.

ಸೀನನಿಗೆ ಲೋಕದ ಎಲ್ಲ ಸಮಸ್ಯೆಗೂ ಇದೊಂದೇ ಪ್ರಶ್ನೆ. ಅವನ ಕೈಗೆ ಸಿಕ್ಕ ನಲ್ಲಿಗಳು ಆಮೇಲೆ ನಲ್ಲಿಗಳಾಗಿ ಉಳಿದಿಲ್ಲ. ಡ್ರೈವರ್ ಸೀಟಿಗೆ ನುಗ್ಗಿ ಎರಡೂ ಕೈಯಿಂದ ಕೀ ಹಿಡಿದ. ರಾಯರು ಓಡಿಬಂದು ಅವನ ರಟ್ಟೆ ಹಿಡಿದರು.

"ಬಿಡಯ್ಯಾ! ಮುರಿದರೆ ಅರ್ಧ ಕೀ ಒಳಗೆ, ಅರ್ಧ ನಿನ್ನ ಕೈಲಿ. ಆಮೇಲೆ ಆ ಒಳಗಿನ ಅರ್ಧ ತೆಗೆಯೋಕೆ ಬೀಗವನ್ನೇ ಬಿಚ್ಚಬೇಕಾಗಬಹುದು."

ರಾಯರು ಇಡೀ ಜೀವನ ಲೆಕ್ಕ ಬರೆದವರು. ಅರ್ಧ ಅಂದರೆ ಅರ್ಧವೇ.

ಅಷ್ಟು ಹೊತ್ತಿಗೆ ಮೇಷ್ಟ್ರು ಬಂದರು. ಕೆಲಸದಿಂದ ನಿವೃತ್ತರಾಗಿದ್ದಾರೆ, ಪಾಠದಿಂದ ಆಗಿಲ್ಲ. ಕಾರಿನ ಬಾನೆಟ್ಟಿಗೆ ಒರಗಿ ಶುರು ಮಾಡಿಯೇಬಿಟ್ಟರು.

"ಬಲದಿಂದ ಬೀಗ ತೆಗೆಯೋ ಹಾಗಿದ್ರೆ ಕೀ ಯಾಕಪ್ಪಾ ಬೇಕಿತ್ತು? ಕೇಳಿಲ್ಲಿ. ಒಳಗೆ ಒಂದು ಉರುಳೆ ಇದೆ. ಅದರೊಳಗೆ ಸಾಲಾಗಿ ತೆಳ್ಳನೆ ತಗಡಿನ ಚೂರುಗಳು. ಒಂದೊಂದಕ್ಕೂ ಒಂದೊಂದು ಪುಟಾಣಿ ಸ್ಪ್ರಿಂಗು. ಕೀಯ ಹಲ್ಲು ಒಂದೊಂದು ತಗಡನ್ನೂ ಅದರದರ ಎತ್ತರಕ್ಕೆ ತಂದು ನಿಲ್ಲಿಸಬೇಕು. ಎಲ್ಲಾ ಉರುಳೆಯ ಅಂಚಿಗೆ ಸಮ ಬಂದರೆ ತಿರುಗುತ್ತೆ. ಒಂದೇ ಒಂದು ತಗಡು ತಲೆ ಹೊರಗೆ ಹಾಕಿದ್ರೂ ಮುಗೀತು. ನೀನು ಬಲ ಹಾಕಿದಷ್ಟೂ ಅದು ಪಕ್ಕದ ಗೋಡೆಗೆ ಒತ್ತಿಕೊಂಡು ಇನ್ನೂ ಭದ್ರವಾಗಿ ಕೂರುತ್ತೆ."

"ಹಾಗಾದ್ರೆ ಹಳೇ ಕಾಲವೇ ಚೆನ್ನಾಗಿತ್ತು ಸಾರ್. ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸ್ತಿದ್ರಲ್ಲ," ಅಂದ ಸೀನ. ಅವನ ಕಣ್ಣಲ್ಲಿ ತಪ್ಪಿಹೋದ ಶತಮಾನದ ದುಃಖವಿತ್ತು.

"ಅದು ಉಲ್ಟಾ ಒದ್ದು ಎಷ್ಟೋ ಜನ ಕೈ ಮುರ್ಕೊಂಡಿದ್ದಾರೆ. ಅದಕ್ಕೇ ಅಲ್ವಾ ಚಾರ್ಲ್ಸ್ ಕೆಟರಿಂಗ್ ಕರೆಂಟಿನ ಸ್ಟಾರ್ಟರ್ ಮಾಡಿದ್ದು? 1912ರ ಕ್ಯಾಡಿಲ್ಯಾಕ್‌ಗೆ ಅದು ಬಂತು. ಆಮೇಲೂ ಎಷ್ಟೋ ವರ್ಷ ಕೀ ಒಂದು ಕಡೆ, ಒತ್ತೋ ಬಟನ್ ಇನ್ನೊಂದು ಕಡೆ. ಕೀ ತಿರುಗಿಸಿದ್ರೇ ಇಂಜಿನ್ ಶುರುವಾಗೋ ಹಾಗೆ 1949ರಲ್ಲಿ ಕ್ರೈಸ್ಲರ್‌ನವರು ಮಾಡಿದ್ರು."

"ಈಗ ಮತ್ತೆ ಬಟನ್ನೇ ಬಂದಿದೆಯಲ್ಲ ಸಾರ್?" ಅಂದೆ.

"ಚರಿತ್ರೆ ಅಂದ್ರೆ ಅದೇ ಕಣಪ್ಪಾ," ಅಂದರು ಮೇಷ್ಟ್ರು. ತಪ್ಪು ಕಂಡುಹಿಡಿದರೂ ಅದನ್ನು ತಮ್ಮ ಪಾಠಕ್ಕೇ ಸೇರಿಸಿಕೊಳ್ಳುವುದರಲ್ಲಿ ಅವರು ನಿಸ್ಸೀಮರು.

ರಾಯರು ಈ ನಡುವೆ ನನ್ನ ಕೀಗೊಂಚಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದರು, ಸತ್ತ ಹಲ್ಲಿಯನ್ನು ಹಿಡಿದ ಹಾಗೆ.

"ಇದೇನಿದು? ಮನೆ ಕೀ, ಗೇಟ್ ಕೀ, ಬೀರು ಕೀ, ಒಂದು ಹಿತ್ತಾಳೆ ಆನೆ... ಈ ಪುಟ್ಟದು ಯಾವುದರದ್ದು?"

"ಸೈಕಲ್ಲಿನದ್ದು."

"ಸೈಕಲ್ ಎಲ್ಲಿ?"

"ಕಳೆದುಹೋಗಿ ಎಂಟು ವರ್ಷ ಆಯ್ತು."

"ಸರಿ. ಇಷ್ಟು ಭಾರವನ್ನ ದಿನಾ ಆ ಪುಟ್ಟ ಬೀಗಕ್ಕೆ ನೇತು ಹಾಕ್ತೀಯ. ಗಾಡಿ ಕುಲುಕಿದಾಗೆಲ್ಲ ಈ ಆನೆ ಜೋಲಿ ಹೊಡೆಯುತ್ತೆ. ಒಳಗಿನ ತಗಡು ಸವೆಯದೆ ಇನ್ನೇನಾಗುತ್ತೆ?"

"ಆನೆ ಭಾರ ಅಂತ ಕೀ ತಿರುಗಲ್ವಾ?" ಅಂತ ಸೀನ ನಕ್ಕ.

"ನಗಬೇಡ. 2014ರಲ್ಲಿ ಜನರಲ್ ಮೋಟರ್ಸ್‌ನವರು ಲಕ್ಷಾಂತರ ಕಾರು ವಾಪಸ್ ಕರೆಸಿದ್ದು ಇದೇ ಜಾಗದ ತೊಂದರೆಗೆ. ಅಲ್ಲಿ ಇದರ ಉಲ್ಟಾ. ಇಗ್ನಿಷನ್ ಸ್ವಿಚ್ಚಿನ ಬಿಗಿ ಸಾಲದು. ಗೊಂಚಲಿನ ಭಾರಕ್ಕೋ ಗಾಡಿ ಕುಲುಕಿದ್ದಕ್ಕೋ ಓಡ್ತಾ ಇರೋವಾಗ್ಲೇ ಕೀ ತಾನಾಗಿ ಹಿಂದಕ್ಕೆ ತಿರುಗಿಬಿಡ್ತಿತ್ತು. ಇಂಜಿನ್ ಆಫ್. ಗುದ್ದಿದ್ರೆ ಏರ್‌ಬ್ಯಾಗೂ ಇಲ್ಲ. ಕಂಪನಿ ಇಟ್ಟ ಪರಿಹಾರ ನಿಧಿಯೇ 124 ಸಾವು ಒಪ್ಪಿಕೊಂಡಿತು."

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನಾನು ಸುಮ್ನೆ ಆನೆಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಆಮೇಲೆ ರಾಯರು ಕನ್ನಡಕ ಹಣೆಗೇರಿಸಿ ಕೀಯ ಹಲ್ಲುಗಳನ್ನೇ ನೋಡಿದರು. "ಹಲ್ಲೇ ಇಲ್ವಲ್ಲಯ್ಯಾ ಇದಕ್ಕೆ! ಬರೀ ವಸಡು. ಇದು ಕಾರಿನ ಜೊತೆ ಬಂದದ್ದಾ?"

"ಅಲ್ಲ. ಜೊತೆ ಬಂದದ್ದರಲ್ಲಿ ಒಂದು ಸವೆದು ಹೋಯ್ತು, ಅದನ್ನ ಕೊಟ್ಟು ನಕಲು ಮಾಡಿಸಿದೆ. ಆ ನಕಲು ಸವೆದ ಮೇಲೆ ಅದರದ್ದೊಂದು ನಕಲು..."

ಮೇಷ್ಟ್ರಿಗೆ ಇದು ಸಿಕ್ಕಿದ್ದೇ ಸಾಕು. "ನನ್ನ ಕ್ಲಾಸಲ್ಲಿ ಒಬ್ಬ ಇದ್ದ. ಮುಂದಿನವನನ್ನ ನೋಡಿ ಬರೆದ. ಉತ್ತರದ ಜೊತೆ ಅವನ ಹೆಸರನ್ನೂ ಬರೆದ. ಸವೆದ ಕೀ ಕೊಟ್ಟರೆ ಸವೆತವನ್ನೂ ಕೊರೆದು ಕೊಡ್ತಾರೆ ಕಣಯ್ಯಾ! ಹೊಸ ಕಾರಿನ ಜೊತೆ ಒಂದು ಪುಟ್ಟ ಬಿಲ್ಲೆ ಬಂದಿರುತ್ತೆ, ಅದರ ಮೇಲೆ ಕೀ ನಂಬರ್ ಇರುತ್ತೆ. ಆ ನಂಬರ್ ಕೊಟ್ಟು ಕೊರೆಸಬೇಕು. ಆಗ ಹಲ್ಲು ಮೊದಲ ದಿನದ ಹಾಗೆ ಬರುತ್ತೆ."

"ಬಿಲ್ಲೆ ಎಲ್ಲಿಟ್ಟಿದ್ದೀಯ?" ರಾಯರು.

ಭದ್ರವಾಗಿ ಇಟ್ಟಿದ್ದೆ. ನಮ್ಮ ಮನೆಯಲ್ಲಿ ಭದ್ರವಾಗಿ ಇಟ್ಟದ್ದು ಯಾವುದೂ ಇವತ್ತಿನವರೆಗೆ ಸಿಕ್ಕಿಲ್ಲ. ಪುಣ್ಯಕ್ಕೆ ಕಾರಿನ ಜೊತೆ ಬಂದ ಎರಡನೇ ಕೀ ಮಾತ್ರ ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಹಾಗೇ ಇತ್ತು. ತಂದೆ.

ರಾಯರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ಇದು ತಿರುಗಿದ್ರೆ ತಪ್ಪು ಕೀಯದು. ತಿರುಗದಿದ್ರೆ ತಪ್ಪು ಬೀಗದ್ದು." ಎಷ್ಟು ಸರಳ! ಇದನ್ನು ಮೊದಲೇ ಮಾಡಬಹುದಿತ್ತು. ಆದರೆ ಆಗ ಚರಿತ್ರೆ ಎಲ್ಲಿ ಹೇಳುವುದು?

ಹಾಕಿದರು. ತಿರುಗಲಿಲ್ಲ.

ನನ್ನ ಸವೆದ ಕೀ ಮೇಲೆ ಬಂದಿದ್ದ ಆಪಾದನೆ ಅಲ್ಲಿಗೆ ಅರ್ಧ ಇಳಿಯಿತು. ಯಾರೂ ಕ್ಷಮೆ ಕೇಳಲಿಲ್ಲ.

"ಎಣ್ಣೆ!" ಅಂತ ಸೀನ ಎದ್ದ. ಅವನ ಡಿಕ್ಕಿಯಲ್ಲಿ ಎಣ್ಣೆ ಡಬ್ಬಿ, ಪಕ್ಕದಲ್ಲಿ ಸುತ್ತಿಗೆ. ಸುತ್ತಿಗೆ ಎಂಥದ್ದು ಅಂದರೆ, ಅದನ್ನು ನೋಡಿದ ಕೂಡಲೇ ಕೀ ತಾನಾಗಿ ತಿರುಗಬೇಕಿತ್ತು.

"ಅಡ್ಡಾದಿಡ್ಡಿ ಎಣ್ಣೆ ಸುರೀಬೇಡ. ದಪ್ಪ ಎಣ್ಣೆ ಧೂಳು ಹಿಡಿಯುತ್ತೆ. ಇವತ್ತು ಜಾರುತ್ತೆ, ನಾಳೆ ಅಂಟುತ್ತೆ. ಬೀಗಕ್ಕೆ ಗ್ರಾಫೈಟ್ ಪುಡಿ ಹಾಕಬೇಕು," ಅಂದರು ರಾಯರು.

"ಎರಡೂ ಹಾಕೋಣ!"

"ಎರಡೂ ಸೇರಿದ್ರೆ ಕೆಸರಾಗುತ್ತೆ."

ಗ್ರಾಫೈಟ್ ಯಾರ ಹತ್ತಿರ ಇದೆ ಅಂತ ಎಲ್ಲರೂ ಮುಖ ಮುಖ ನೋಡಿಕೊಂಡರೆ, ಮೇಷ್ಟ್ರು ಗಂಭೀರವಾಗಿ ಅಂಗಿ ಜೇಬಿನಿಂದ ಪೆನ್ಸಿಲ್ ತೆಗೆದರು. ಪೆನ್ಸಿಲ್ಲಿನ ಸೀಸ ಅನ್ನುತ್ತೇವಲ್ಲ, ಅದರಲ್ಲಿ ಸೀಸ ಇಲ್ಲವೇ ಇಲ್ಲ, ಇರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಇದನ್ನು ಹೇಳುವ ಅವಕಾಶಕ್ಕಾಗಿ ಅವರು ಮೂವತ್ತು ವರ್ಷ ಕಾದಿದ್ದ ಹಾಗಿತ್ತು. ಕೀಯ ಹಲ್ಲಿನ ಮೇಲೆಲ್ಲ ಕಪ್ಪಗೆ ಗೀಚಿ, ಒಳಗೆ ಹೊರಗೆ ಹತ್ತು ಸಲ ಆಡಿಸಿದರು. ಕೀ ಒಳಗೆ ಹೋಗಿಬರುವುದು ನಿಜವಾಗಿಯೂ ನಯವಾಯಿತು. ತಿರುಗುವುದು ಮಾತ್ರ ಇಲ್ಲ.

ಸೀನ ಸುತ್ತಿಗೆ ಎತ್ತಿಕೊಂಡ. ತಮಾಷೆ ಏನೆಂದರೆ, ಅದರಲ್ಲೂ ಒಂದು ನ್ಯಾಯ ಇದೆ. ಒಳಗಿನ ತಗಡು ಸಿಕ್ಕಿಕೊಂಡಿದ್ದರೆ, ಕೀ ಹಾಕಿಟ್ಟು ಅದರ ತಲೆಗೆ ಮೆಲ್ಲಗೆ ತಟ್ಟಿದಾಗ ಅದರುವುದಕ್ಕೆ ತಗಡು ಬಿಟ್ಟುಕೊಳ್ಳಬಹುದು. ಆದರೆ 'ಮೆಲ್ಲಗೆ' ಅನ್ನುವ ಮಾತು ಸೀನನ ಭಾಷೆಯಲ್ಲಿಲ್ಲ. ಸುತ್ತಿಗೆ ಕಿತ್ತುಕೊಂಡು ಅವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, ಅದರ ಪ್ಲಾಸ್ಟಿಕ್ ಹಿಡಿಯಿಂದ ತಟ್ಟು ಅಂದೆವು. ಅವಮಾನವಾದವನ ಹಾಗೆ ನಾಲ್ಕು ಸಲ ತಟ್ಟಿದ. ಏನೂ ಆಗಲಿಲ್ಲ.

"ಕೀ ಒಳಗಿನ ಚಿಪ್ ಹೋಗಿರಬೇಕು," ಅಂದ.

"ಚಿಪ್ಪಿಗೆ ಕೆಲಸ ಇರೋದು ಕೀ ತಿರುಗಿದ ಮೇಲೆ. ಅದು ಹೋಗಿದ್ರೆ ಕೀ ತಿರುಗುತ್ತೆ, ಇಂಜಿನ್ ಹತ್ತಲ್ಲ," ಅಂತ ರಾಯರು ಒಂದೇ ಮಾತಲ್ಲಿ ಮುಗಿಸಿದರು. ಆಮೇಲೆ ಏನೋ ನೆನಪಾಗಿ, "ಗೇರ್ ಎಲ್ಲಿದೆ ನೋಡು. ಪಿ ನಲ್ಲಿ, ಅಂದ್ರೆ ಪಾರ್ಕಿಂಗ್‌ನಲ್ಲಿ ಇದೆಯಾ?"

"ಅದೂ ಗೊತ್ತಿಲ್ವಾ ರಾಯರೇ ನನಗೆ? ಆಟೋಮ್ಯಾಟಿಕ್ ಕಾರಲ್ಲಿ ಪಿ ನಲ್ಲಿ ಇಲ್ಲದಿದ್ರೆ ಕೀ ಹೊರಗೇ ಬರಲ್ಲ. ರಾತ್ರಿ ಕೀ ತೆಗೆದಿದ್ದೀನಿ ಅಂದ್ರೆ ಪಿ ನಲ್ಲೇ ಇದೆ," ಅಂತ ಸ್ವಲ್ಪ ಜಾಸ್ತಿಯೇ ಜಂಬದಿಂದ ಹೇಳಿದೆ. ಹೇಳಬಾರದಿತ್ತು.

ಬಿಸಿಲೇರಿತು. ನಂಬಿಕೆ ಇಳಿಯಿತು. ರಾಯರು ಪಕ್ಕದ ಸೀಟಿನಲ್ಲಿ ಕೂತು, ಕೈ ಚಾಚಿ, ಎರಡೇ ಬೆರಳಲ್ಲಿ ಕೀಯನ್ನು ಹಗುರವಾಗಿ ತಿರುಗಿಸುತ್ತಾ ಯೋಚಿಸುತ್ತಿದ್ದರು. ಡ್ರೈವರ್ ಸೀಟಿನಲ್ಲಿ ಮುಖ ಊದಿಸಿಕೊಂಡಿದ್ದ ಸೀನ, "ನಿಮ್ಮ ಕೈಲಿ ಆಗಲ್ಲ, ನಾನು ಹೊರಟೆ," ಅಂತ ಸ್ಟೇರಿಂಗ್ ಹಿಡಿದು ಜಗ್ಗಿ ಎದ್ದ.

'ಕಟ್.'

ಡ್ಯಾಶ್‌ಬೋರ್ಡಿನಲ್ಲಿ ಅಷ್ಟೂ ದೀಪ ಹೊತ್ತಿಕೊಂಡವು. ಕೀ ತಿರುಗಿತ್ತು.

ಮೂರು ಸೆಕೆಂಡ್ ಮೌನ. ಆಮೇಲೆ ಮೂವರೂ ಒಟ್ಟಿಗೆ. "ನೋಡಿದ್ರಾ, ಬಲ!" "ಪೆನ್ಸಿಲ್ ಕಣಯ್ಯಾ, ನಿಧಾನಕ್ಕೆ ಕೆಲಸ ಮಾಡಿದೆ!" "ನನ್ನ ಬೆರಳಲ್ಲಿ ಇತ್ತು ಕೀ!"

ಮೊದಲು ಸುಮ್ಮನಾದವರು ರಾಯರು. "ಸ್ಟೇರಿಂಗ್ ಲಾಕ್," ಅಂದು ಹಣೆ ಚಚ್ಚಿಕೊಂಡರು. ಕೀ ತೆಗೆದ ಮೇಲೆ ಸ್ಟೇರಿಂಗ್ ಸ್ವಲ್ಪ ತಿರುಗಿದರೆ ಒಳಗೆ ಒಂದು ಲೋಹದ ಗೂಟ ಬಂದು ಕೂರುತ್ತದೆ, ಕಳ್ಳ ಗಾಡಿ ತಿರುಗಿಸಬಾರದು ಅಂತ. ಆ ಗೂಟದ ಮೇಲೆ ಸ್ಟೇರಿಂಗಿನ ಒತ್ತಡ ಬಿದ್ದಿದ್ದರೆ ಗೂಟ ಹಿಂದೆ ಸರಿಯುವುದಿಲ್ಲ. ಗೂಟ ಸರಿಯದೆ ಕೀ ತಿರುಗುವುದಿಲ್ಲ. ಕೀಗೂ ಬೀಗಕ್ಕೂ ಇದರಲ್ಲಿ ಏನೂ ಪಾಲಿಲ್ಲ.

"ಅಮೆರಿಕದಲ್ಲಿ 1970ರಿಂದ ಕಾರುಗಳಿಗೆ ಇಂಥ ಬೀಗ ಕಡ್ಡಾಯ. ಕೀ ತೆಗೆದ ಮೇಲೆ ಸ್ಟೇರಿಂಗ್ ತಿರುಗಬಾರದು, ಇಲ್ಲಾ ಗಾಡಿ ತನ್ನ ಬಲದಿಂದ ಮುಂದೆ ಹೋಗಬಾರದು," ಅಂದರು ಮೇಷ್ಟ್ರು. ಇದು ಗೊತ್ತಿದ್ದೂ ಒಂದು ಗಂಟೆ ಪೆನ್ಸಿಲ್ ಗೀಚಿದರು. ಪಾಠ ಹೇಳುವವರ ಕಷ್ಟ ಇದೇ. ಪ್ರಶ್ನೆ ಯಾವ ಅಧ್ಯಾಯದ್ದು ಅಂತ ಮೊದಲು ಯಾರಾದರೂ ಹೇಳಬೇಕು.

ಇನ್ನು ತಪ್ಪಿತಸ್ಥ ಯಾರು ಅಂತ ಹುಡುಕಾಟ ಶುರುವಾಯಿತು. ಅದು ಬಹಳ ಹೊತ್ತು ಹಿಡಿಯಲಿಲ್ಲ. ನನ್ನ ಮಂಡಿ ನೋವು ಎಲ್ಲರಿಗೂ ಗೊತ್ತು. ನಾನು ಕಾರಿನಿಂದ ಇಳಿಯುವುದೇ ಸ್ಟೇರಿಂಗ್ ಹಿಡಿದು ಜೋತುಬಿದ್ದು. ಅದರ ಮೇಲೆ ರಾತ್ರಿ ಮುಂದಿನ ಚಕ್ರವನ್ನು ರಸ್ತೆ ಬದಿಯ ಕಲ್ಲಿಗೆ ಒತ್ತಿ ನಿಲ್ಲಿಸಿದ್ದೆ. ತಿರುಚಿಕೊಂಡ ಟಯರ್ ಸ್ಪ್ರಿಂಗಿನ ಹಾಗೆ ವಾಪಸ್ ತಳ್ಳುತ್ತಾ ರಾತ್ರಿಯಿಡೀ ಗೂಟವನ್ನು ಅದುಮಿ ಹಿಡಿದಿತ್ತು. ಸೀನ ಜಗ್ಗಿದ್ದು ಅಕಸ್ಮಾತ್ತಾಗಿ ಅದಕ್ಕೆ ಎದುರು ದಿಕ್ಕಿಗೆ. ರಾಯರ ಬೆರಳು ಅದೇ ಹೊತ್ತಿಗೆ ಕೀ ಮೇಲಿತ್ತು. ಎರಡೂ ಒಟ್ಟಿಗೆ ಆದದ್ದಕ್ಕೇ ತಿರುಗಿತು. ಅಂದರೆ, ಇಬ್ಬರಿಗೂ ಹೆಮ್ಮೆಪಡಲು ಅರ್ಧರ್ಧ ಸಿಕ್ಕಿತು. ಮೇಷ್ಟ್ರಿಗೆ ಏನೂ ಸಿಗಲಿಲ್ಲ. ಪೆನ್ಸಿಲ್ ಜೇಬಿಗೆ ಹಾಕಿಕೊಂಡರು.

ಆಮೇಲೆ ಬೇಕೆಂದೇ ಲಾಕ್ ಮಾಡಿ ನೋಡಿದೆವು. ಸ್ಟೇರಿಂಗ್ ಒಂದು ಕಡೆಗೆ ಕಲ್ಲಿನ ಹಾಗೆ ನಿಲ್ಲುತ್ತದೆ, ಇನ್ನೊಂದು ಕಡೆಗೆ ಒಂದು ಕೂದಲೆಳೆಯಷ್ಟು ಆಡುತ್ತದೆ. ಆಡುವ ಕಡೆಗೆ ಎಳೆದು ಹಿಡಿದು, ಅದೇ ಹೊತ್ತಿಗೆ ಇನ್ನೊಂದು ಕೈಯ ಎರಡು ಬೆರಳಲ್ಲಿ ಕೀ ತಿರುಗಿಸಿದರೆ ಸಾಕು. ಬಲ ಸ್ಟೇರಿಂಗಿಗೆ, ಕೀಗಲ್ಲ. ಸೀನ ಇದನ್ನು ಐದು ಸಲ ಮಾಡಿ, ಆ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರಿಗೆ ತಾನೇ ಕಂಡುಹಿಡಿದ ಹಾಗೆ ಕಲಿಸಿಕೊಟ್ಟ.

ಅಂತೂ ಎಲ್ಲರನ್ನೂ ಕಳಿಸಿ ಕಾರು ತೆಗೆದೆ. ಕೆಲಸದ ಜಾಗ ತಲುಪಿದೆ. ಚಕ್ರ ನೇರ ಮಾಡಿ ನಿಲ್ಲಿಸಿದೆ. ಸ್ಟೇರಿಂಗ್ ಮುಟ್ಟಲೇಬಾರದು ಅಂತ ಕೈ ಎತ್ತಿ ಹಿಡಿದೇ ಇಂಜಿನ್ ಆಫ್ ಮಾಡಿ ಕೀ ಎಳೆದೆ.

ಬರಲಿಲ್ಲ.

ಫೋನ್ ಮಾಡಿದೆ. ಮೂವರೂ ಇನ್ನೂ ಒಟ್ಟಿಗೇ ಇದ್ದರು, ಬೆಳಗಿನ ವಿಜಯದ ಬಗ್ಗೆ ಮಾತಾಡುತ್ತಾ. "ಸ್ಟೇರಿಂಗ್ ಅಲ್ಲಾಡಿಸು!" ಅಂತ ಸೀನ. "ಅಲ್ಲಿ ಯಾರ ಹತ್ತಿರವಾದ್ರೂ ಪೆನ್ಸಿಲ್ ಇದೆಯಾ ಕೇಳು," ಅಂತ ಹಿಂದಿನಿಂದ ಮೇಷ್ಟ್ರು. ಆಮೇಲೆ ರಾಯರ ತಣ್ಣನೆಯ ದನಿ: "ಗೇರ್ ಎಲ್ಲಿದೆ?"

ಕೆಳಗೆ ನೋಡಿದೆ. ಎನ್ ನಲ್ಲಿತ್ತು, ಅಂದರೆ ನ್ಯೂಟ್ರಲ್‌ನಲ್ಲಿ.

"ಪಿ ನಲ್ಲೇ ಇದೆ ರಾಯರೇ, ಅದೂ ಗೊತ್ತಿಲ್ವಾ ನನಗೆ?" ಅನ್ನುತ್ತಾ ಸದ್ದಾಗದ ಹಾಗೆ ಲಿವರನ್ನು ಮುಂದಕ್ಕೆ ತಳ್ಳಿ, ಕೀ ತೆಗೆದು ಜೇಬಿನಲ್ಲಿದ್ದ ಆನೆಯ ಪಕ್ಕ ಇಟ್ಟುಕೊಂಡೆ.

"ಹಾಗಾದ್ರೆ ಬಲ ಹಾಕು!" ಅಂತ ಫೋನಿನಲ್ಲಿ ಸೀನ ಇನ್ನೂ ಕೂಗುತ್ತಿದ್ದ.