ರೀಕಾಲ್ ಪತ್ರ ಬಂದಿದ್ದು ಹಳೆ ಮಾಲೀಕರ ಹೆಸರಿಗೆ, ಬೋಟ್ ಇರೋದು ನಮ್ಮ ಹತ್ತಿರ. ಏನು ಮಾಡಬೇಕು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾವು ಇರೋದು ಮಿಷಿಗನ್‌ನಲ್ಲಿ, ಗ್ರ್ಯಾಂಡ್ ರಾಪಿಡ್ಸ್ ಹತ್ತಿರ. ಹೋದ ಸೆಪ್ಟೆಂಬರಿನಲ್ಲಿ 19 ಅಡಿಯ ಒಂದು ಸೆಕೆಂಡ್ ಹ್ಯಾಂಡ್ ಬೋಟ್ ತಗೊಂಡೆವು. ಇಂಜಿನ್ ಒಳಗೇ ಕೂತಿರುವ ಸ್ಟರ್ನ್‌ಡ್ರೈವ್ ಮಾದರಿ, ಪೆಟ್ರೋಲಿನದು. ಮೊನ್ನೆ ಹಳೆ ಮಾಲೀಕರು ತಮ್ಮ ಹೆಸರಿಗೆ ಬೋಟ್ ಕಂಪನಿಯಿಂದ ಬಂದ ರೀಕಾಲ್ ಪತ್ರದ (ದೋಷ ಇದೆ, ತಂದು ಸರಿ ಮಾಡಿಸಿಕೊಳ್ಳಿ ಅನ್ನುವ ಪತ್ರ) ಫೋಟೋ ಕಳಿಸಿದರು. ಪೆಟ್ರೋಲ್ ತುಂಬುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ದಪ್ಪ ಹೋಸ್ ಜಾಯಿಂಟಿನಲ್ಲಿ ಸೋರಬಹುದು, ಬೆಂಕಿ ಅಪಾಯ ಇದೆ ಅಂತ ಬರೆದಿದೆ. ಇಲ್ಲಿನ ಡೀಲರ್ ಒಬ್ಬರಿಗೆ ಫೋನ್ ಮಾಡಿದರೆ, ನೀವು ಎರಡನೇ ಮಾಲೀಕರು, ಲೇಬರ್ ಚಾರ್ಜ್ ನೀವೇ ಕೊಡಬೇಕು ಅಂದರು. ಮೇ ಕೊನೆಗೆ ಊರಿಂದ ಅಪ್ಪ ಅಮ್ಮ ಬರ್ತಾರೆ, ಅವರನ್ನು ಬೋಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಬೇಕು ಅಂತ ಆಸೆ. ಇಲ್ಲಿವರೆಗೆ ಬೋಟಿನಲ್ಲಿ ಪೆಟ್ರೋಲ್ ವಾಸನೆ ಬಂದಿದ್ದೇ ಇಲ್ಲ. ಸುಮ್ನೆ ನಾನೇ ಆ ಕ್ಲ್ಯಾಂಪ್ ಬಿಗಿ ಮಾಡಿಕೊಂಡರೆ ಸಾಲದಾ? ಈ ಗುಂಪಿನಲ್ಲಿ ಬೋಟ್ ಮೆಕ್ಯಾನಿಕ್ ಸರ್ ಇದ್ದಾರಲ್ಲ, ದಯವಿಟ್ಟು ಹೇಳಿ.

ಉತ್ತರ:
ನಮಸ್ಕಾರ ಸರ್. ಡೀಲರ್ ವಿಷಯಕ್ಕೆ ಆಮೇಲೆ ಬರೋಣ. ಬೋಟ್ ಈಗ ಎಲ್ಲಿದೆ? ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿದ್ದರೆ ಇವತ್ತೇ ಹೊರಗೆ ತಂದು ನಿಲ್ಲಿಸಿ. ಆ ಗ್ಯಾರೇಜಿನಲ್ಲೇ ಗ್ಯಾಸ್ ವಾಟರ್ ಹೀಟರೋ ಫರ್ನೆಸ್ಸೋ ಇದ್ದರೆ ಒಂದು ಗಂಟೆಯೂ ಕಾಯಬೇಡಿ. ಬ್ಯಾಟರಿ ಚಾರ್ಜರ್ ಹಾಕಿಟ್ಟಿದ್ದರೆ, ಮೊದಲು ಗೋಡೆಯ ಕಡೆಯ ಪ್ಲಗ್ ತೆಗೆಯಿರಿ.

ಇಷ್ಟು ಗಾಬರಿ ಯಾಕೆ ಅಂದರೆ, ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಸೋರಿದರೆ ರಸ್ತೆಗೆ ಬೀಳುತ್ತದೆ, ಗಾಳಿಗೆ ಹೋಗುತ್ತದೆ. ಬೋಟಿನ ತಳಕ್ಕೆ ತೂತಿಲ್ಲ. ಸೋರಿದ್ದೆಲ್ಲ ಇಂಜಿನ್ ಕೆಳಗಿನ ತಗ್ಗಿನಲ್ಲಿ, ನಾವು ಬಿಲ್ಜ್ ಅಂತೀವಲ್ಲ, ಅಲ್ಲಿ ಹೋಗಿ ಕೂರುತ್ತದೆ. ಮೇಲೆ ಸೀಟಿನಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ. ಕೀ ತಿರುಗಿಸಿದಾಗ ಒಂದು ಕಿಡಿ ಸಾಕು.

ಇನ್ನು ವಾಸನೆ ಬಂದಿಲ್ಲ ಅನ್ನೋ ಮಾತು. ಪತ್ರದಲ್ಲಿ ಹೇಳಿರುವುದು ತುಂಬುವ ಹೋಸ್. ಅದರಲ್ಲಿ ಪೆಟ್ರೋಲ್ ಹರಿಯುವುದು ಬಂಕಿನಲ್ಲಿ ತುಂಬಿಸುವಾಗ ಮಾತ್ರ. ಟ್ಯಾಂಕ್ ಅರ್ಧ ಇದ್ದರೆ ಆ ಹೋಸ್ ಒಣಗಿರುತ್ತದೆ, ಜಾಯಿಂಟ್ ಸಡಿಲ ಇದ್ದರೂ ಏನೂ ತೋರುವುದಿಲ್ಲ. ಟ್ಯಾಂಕ್ ಬಾಯಿತನಕ ತುಂಬಿಸಿ, ಎಂಟು ಜನ ಹತ್ತಿ, ಬೋಟ್ ಅಲೆಗೆ ಓಲಾಡಿದಾಗ ಅದೇ ಜಾಯಿಂಟ್ ಸೋರುತ್ತದೆ. ಅಂದರೆ ಅಪ್ಪ ಅಮ್ಮ ಬೋಟಿನಲ್ಲಿ ಕೂತಿರುವ ದಿನವೇ. ಹಾಗಾಗಿ ರಿಪೇರಿ ಆಗುವ ತನಕ ಬೋಟನ್ನು ನೀರಿಗಿಳಿಸಬೇಡಿ, ಪೆಟ್ರೋಲ್ ತುಂಬಿಸಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ನೀವೇ ಕ್ಲ್ಯಾಂಪ್ ಬಿಗಿ ಮಾಡುವುದೂ ಬೇಡ. ಸಡಿಲ ಕ್ಲ್ಯಾಂಪೇ ಕಾರಣ ಅಂತ ಯಾರಿಗೆ ಗೊತ್ತು? ಹೋಸ್ ಅಳತೆಗಿಂತ ಗಿಡ್ಡ ಇದ್ದು ಎಳೆದುಕೊಂಡಿರಬಹುದು. ಹೋಸೇ ತಪ್ಪು ಜಾತಿಯದ್ದಾಗಿರಬಹುದು. ಬಿಗಿ ಮಾಡಿದರೆ ರಬ್ಬರ್ ಕತ್ತರಿಸಿ ಇನ್ನೂ ಕೆಡಬಹುದು. ಕಂಪನಿ ಡೀಲರುಗಳಿಗೆ ಕಳಿಸಿದ ಸೂಚನೆಯಲ್ಲಿ ಏನು ಬದಲಾಯಿಸಬೇಕು ಅಂತ ಬರೆದಿರುತ್ತದೆ, ಅದರ ಪ್ರಕಾರವೇ ಆಗಬೇಕು.

ಈಗ ದುಡ್ಡಿನ ಮಾತು. ಅಮೆರಿಕದಲ್ಲಿ ಬೋಟ್ ರೀಕಾಲ್ ನೋಡಿಕೊಳ್ಳುವುದು ಕೋಸ್ಟ್ ಗಾರ್ಡ್. 1971ರ ಫೆಡರಲ್ ಬೋಟ್ ಸೇಫ್ಟಿ ಕಾಯ್ದೆಯಿಂದ ಬಂದ ವ್ಯವಸ್ಥೆ ಇದು. ಸುರಕ್ಷತೆಗೆ ಧಕ್ಕೆ ತರುವ ದೋಷ ಸಿಕ್ಕಿದರೆ ಕಂಪನಿ ತಾನೇ ತಿಳಿಸಬೇಕು, ತನ್ನ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು. ಬೋಟ್ ತಯಾರಾಗಿ 10 ವರ್ಷದ ತನಕ ಈ ಹೊಣೆ ಇರುತ್ತದೆ. ಪತ್ರ ಹೋಗುವುದು ಮೊದಲು ಕೊಂಡವರಿಗೆ, ಡೀಲರುಗಳಿಗೆ, ಮತ್ತೆ ಕಂಪನಿಗೆ ವಿಳಾಸ ಗೊತ್ತಿರುವ ಮುಂದಿನ ಮಾಲೀಕರಿಗೆ. ನಿಮ್ಮ ವಿಳಾಸ ಅವರ ಹತ್ತಿರ ಇರಲಿಲ್ಲ, ಅಷ್ಟೇ. ರೀಕಾಲ್ ಅನ್ನುವುದು ಬೋಟಿಗೆ ಸೇರಿದ್ದು. ಆ ಡೀಲರ್ ಬಹುಶಃ ಇದನ್ನು ವಾರಂಟಿ ಅಂತ ತಿಳಿದಿದ್ದಾರೆ. ವಾರಂಟಿ ಬೇರೆ. ಅದು ಎರಡನೇ ಮಾಲೀಕರಿಗೆ ಬರಬಹುದು, ಬರದೇ ಇರಬಹುದು.

ಆದ್ದರಿಂದ ಡೀಲರ್ ಜೊತೆ ವಾದ ಬೇಡ. ನೇರ ಕಂಪನಿಯ ಕಸ್ಟಮರ್ ಸರ್ವೀಸಿಗೆ ಫೋನ್ ಮಾಡಿ, ಅದೇ ದಿನ ಈಮೇಲನ್ನೂ ಹಾಕಿ. ಕೈಯಲ್ಲಿ ಮುಖ್ಯವಾಗಿ ಬೇಕಾದ್ದು ಹಲ್ ನಂಬರ್, ಅಂದರೆ ಬೋಟಿನ ಗುರುತಿನ ನಂಬರ್. ಬೋಟಿನ ಹಿಂಭಾಗದ ಹಲಗೆಯ ಬಲಗಡೆ, ಮೇಲಂಚಿನ ಹತ್ತಿರ 12 ಅಕ್ಷರ ಕೊರೆದಿರುತ್ತದೆ. ಮೊದಲ ಮೂರು ಕಂಪನಿಯ ಗುರುತು, ಮುಂದಿನ ಐದು ಆ ಬೋಟಿನ ಕ್ರಮಸಂಖ್ಯೆ, ಕೊನೆಯ ನಾಲ್ಕು ತಾರೀಖು. ಕೊನೆಯಲ್ಲಿ ‘ಎಚ್‌819’ ಅಂತ ಇದೆ ಅಂದುಕೊಳ್ಳಿ. ಎಚ್ ಅಂದರೆ ಎಂಟನೇ ತಿಂಗಳು ಆಗಸ್ಟ್, 8 ಅಂದರೆ 2018, 19 ಅಂದರೆ 2019ರ ಮಾಡೆಲ್. 10 ವರ್ಷದ ಲೆಕ್ಕಕ್ಕೆ ಮಾಡೆಲ್ ವರ್ಷ ನೋಡಬೇಡಿ, ತಯಾರಾದ ತಿಂಗಳು ನೋಡಿ. ಪಾಚಿ, ಮಣ್ಣು ಕೂತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ನೇರ ಬೆಳಕಿನಲ್ಲಿ ಅಕ್ಷರ ಓದೋಕೆ ಆಗಲ್ಲ.

ಈಮೇಲಿನಲ್ಲಿ ಆ ಫೋಟೋ, ರೀಕಾಲ್ ಪತ್ರದ ಫೋಟೋ, ಮಾರಾಟದ ಕಾಗದ, ನಿಮ್ಮ ಹೆಸರಿನ ರಿಜಿಸ್ಟ್ರೇಷನ್ ಹಾಕಿ. ಮೂರು ವಿಷಯ ಬರೆಯಿರಿ: ಮಾಲೀಕರ ವಿವರ ಬದಲಾಯಿಸಿ, ಈ ಹಲ್ ನಂಬರಿಗೆ ರೀಕಾಲ್ ಕೆಲಸ ಇನ್ನೂ ಬಾಕಿ ಇದೆಯಾ ತಿಳಿಸಿ, ಖರ್ಚಿಲ್ಲದೆ ಮಾಡಿಕೊಡುವ ಹತ್ತಿರದ ವರ್ಕ್‌ಶಾಪ್ ಯಾವುದು ಹೇಳಿ. ನಿಮ್ಮ ಡೀಲರ್ ಲೇಬರ್ ಚಾರ್ಜ್ ಕೇಳಿದ್ದನ್ನೂ ತಾರೀಖಿನ ಸಮೇತ ಬರೆಯಿರಿ. ಬೋಟನ್ನು ಎಳೆದುಕೊಂಡು ಹೋಗುವ ಖರ್ಚನ್ನು ಯಾರು ಕೊಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ, ಜಗಳ ಆಗೋದೇ ಅಲ್ಲಿ. ಇದಕ್ಕೂ ಜಗ್ಗದಿದ್ದರೆ ಕೋಸ್ಟ್ ಗಾರ್ಡ್ ಬೋಟಿಂಗ್ ಸೇಫ್ಟಿ ವಿಭಾಗಕ್ಕೆ ದೂರು ಕೊಡಬಹುದು. ಅವರ ವೆಬ್‌ಸೈಟಿನಲ್ಲಿ ರೀಕಾಲ್ ಪಟ್ಟಿಯೂ ಇದೆ.

ಇದನ್ನೆಲ್ಲ ಈ ವಾರವೇ ಮಾಡಿ. ಇದು ಮಾರ್ಚ್. ಏಪ್ರಿಲ್ ಅರ್ಧ ಕಳೆದರೆ ಮಿಷಿಗನ್ನಿನ ಎಲ್ಲಾ ಬೋಟ್ ವರ್ಕ್‌ಶಾಪುಗಳೂ ತುಂಬಿರುತ್ತವೆ. ಆಮೇಲೆ ಜೂನ್ ತನಕ ಜಾಗ ಸಿಗುವುದು ಕಷ್ಟ.

ಪ್ರಶ್ನೆ:
ತುಂಬಾ ಧನ್ಯವಾದ ಸರ್. ಬೋಟ್ ಗ್ಯಾರೇಜಿನಲ್ಲೇ ಇತ್ತು, ಹೊರಗೆ ತಂದೆ. ಬೋಟಿಗೆ ಒಂದು ರೀಕಾಲ್ ಅಂದರೆ ಇಂಜಿನ್ನಿಗೂ ಅದರಲ್ಲೇ ಸೇರಿತಾ?

ಉತ್ತರ:
ಇಲ್ಲ ಸರ್, ಒಳ್ಳೆ ಪ್ರಶ್ನೆ ಕೇಳಿದಿರಿ. ಬೋಟ್ ಕಂಪನಿ ಒಂದು, ಇಂಜಿನ್ ಕಂಪನಿ ಇನ್ನೊಂದು. ಇಂಜಿನ್ನಿನ ಸೀರಿಯಲ್ ನಂಬರ್ ಕೊಟ್ಟು ಅವರನ್ನೇ ಕೇಳಬೇಕು. ಟ್ರೇಲರ್ ಕಥೆ ಪೂರ್ತಿ ಬೇರೆ. ಕಾನೂನಿನ ಲೆಕ್ಕದಲ್ಲಿ ಅದು ರಸ್ತೆಯ ವಾಹನ, ಅದರ ರೀಕಾಲ್ ನೋಡುವುದು ಕಾರುಗಳನ್ನು ನೋಡುವ ಎನ್‌ಎಚ್‌ಟಿಎಸ್‌ಎ ಅನ್ನುವ ಸರ್ಕಾರಿ ಸಂಸ್ಥೆ. ಟ್ರೇಲರಿನ ಕಂಪನಿ, ಮಾಡೆಲ್ ಹೆಸರು ಅವರ ಸೈಟಿನಲ್ಲಿ ಹಾಕಿ ನೋಡಿ, ಟ್ರೇಲರಿನ ಗುರುತಿನ 17 ಅಕ್ಷರದ ವಿನ್ ನಂಬರ್ ಕೊಟ್ಟು ಟ್ರೇಲರ್ ಕಂಪನಿಯನ್ನೂ ಕೇಳಿ.

ಪ್ರಶ್ನೆ, ಇನ್ನೊಬ್ಬ ಸದಸ್ಯೆ, ಟೆಕ್ಸಾಸ್‌ನಿಂದ:
ಸರ್, ನಮ್ಮದು ಚಿಕ್ಕ ಫಿಶಿಂಗ್ ಬೋಟ್, ಮಾವನವರ ಕಾಲದ್ದು. ಕಂಪನಿಯೇ ಮುಚ್ಚಿ ಹೋಗಿದೆ. ಅಂಥವರು ಏನು ಮಾಡಬೇಕು? ನಮಗೆ ಯಾವ ಪತ್ರವೂ ಬರಲ್ಲ ಅಲ್ವಾ?

ಉತ್ತರ:
ಬೋಟಿನ ಬಗ್ಗೆ ಪತ್ರ ಬರಲಿಕ್ಕಿಲ್ಲ ಮೇಡಂ. ಆ ಕಂಪನಿಯನ್ನು ಬೇರೆಯವರು ಕೊಂಡಿದ್ದಾರಾ ಅಂತ ಒಮ್ಮೆ ವಿಚಾರಿಸಿ. ಹಳೆ ಬೋಟಿಗೆ ಒಬ್ಬ ಮರೀನ್ ಸರ್ವೇಯರ್, ಅಂದರೆ ಬೋಟ್ ತಪಾಸಣೆ ಮಾಡುವ ಪರಿಣತರನ್ನು ಕರೆಸಿ ತೋರಿಸುವುದು ಇನ್ನೂ ಒಳ್ಳೆಯದು. ಅಲ್ಲಿವರೆಗೆ ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಇಂಜಿನ್ ತಣ್ಣಗಿರುವಾಗ ಒಗೆದ ಬಿಳಿ ಬಟ್ಟೆ ತಗೊಂಡು ಪೆಟ್ರೋಲ್ ಹೋಸನ್ನು ಆ ತುದಿಯಿಂದ ಈ ತುದಿ ತನಕ ಒತ್ತಿ ಒರೆಸಿ. ಬಟ್ಟೆ ಮೂಸಿ ನೋಡಿ. ಪೆಟ್ರೋಲ್ ವಾಸನೆ ಹತ್ತಿದ್ದರೆ ಆ ಹೋಸಿನ ಆಯಸ್ಸು ಮುಗಿದಿದೆ. ಹೊರಗಿನಿಂದ ಹೊಸದರಂತೆ ಹೊಳೆಯುತ್ತಿದ್ದರೂ ಅಷ್ಟೇ. ಹೊಸದು ಹಾಕಿಸುವಾಗ ಹೋಸ್ ಮೇಲೆ ಕೋಸ್ಟ್ ಗಾರ್ಡ್ ದರ್ಜೆ ಅಚ್ಚಾಗಿದೆಯಾ ನೋಡಿ. ‘ಎ1’ ಅಂತ ಇದ್ದರೆ ಬೆಂಕಿಯ ನಡುವೆ ಎರಡೂವರೆ ನಿಮಿಷ ತಡೆಯುತ್ತದೆ ಅಂತ ಅರ್ಥ. ಕಾರಿನ ಅಂಗಡಿಯ ಹೋಸ್ ಅಗ್ಗ ಅಂತ ಹಾಕಿಸಬೇಡಿ.

ಹಾಗೇ ಬೋಟಿನಲ್ಲಿರುವ ಬೆಂಕಿ ಆರಿಸುವ ಸಿಲಿಂಡರನ್ನೂ ತಿರುಗಿಸಿ ನೋಡಿ. 2017ರ ನವೆಂಬರಿನಲ್ಲಿ ಕಿಡ್ಡೆ ಕಂಪನಿಯ ಪ್ಲಾಸ್ಟಿಕ್ ಹಿಡಿಯ ಸಿಲಿಂಡರುಗಳನ್ನು ಅಮೆರಿಕ, ಕೆನಡಾ ಎರಡೂ ಕಡೆ ಸೇರಿ ಸುಮಾರು 4 ಕೋಟಿ ವಾಪಸ್ ಕರೆದರು. ಬೇಕಾದ ಹೊತ್ತಿನಲ್ಲಿ ಅವು ಕೆಲಸ ಮಾಡದೇ ಹೋಗಬಹುದು ಅಂತ. 1970ರ ದಶಕದ ಮಾಡೆಲ್‌ಗಳೂ ಅದರಲ್ಲಿವೆ. ಮನೆಯಲ್ಲಿದ್ದವನ್ನು ಜನ ಬದಲಾಯಿಸಿದರು, ಬೋಟಿನ ಸೀಟಿನಡಿ ಇದ್ದದ್ದು ಹಾಗೇ ಉಳಿಯಿತು. ಈಗಲೂ ಹಳೆ ಬೋಟುಗಳಲ್ಲಿ ನೋಡುತ್ತಿರುತ್ತೇನೆ, ಬೇಜಾರಾಗುತ್ತದೆ. ರೀಕಾಲ್ ಇಲ್ಲದಿದ್ದರೂ ಒಂದು ಮಾತು ನೆನಪಿಡಿ. 2022ರ ಏಪ್ರಿಲ್‌ನಿಂದ ಬಂದ ನಿಯಮದ ಪ್ರಕಾರ, ಮತ್ತೆ ತುಂಬಿಸಲು ಬಾರದ ಸಿಲಿಂಡರ್ ತಯಾರಾಗಿ 12 ವರ್ಷ ಆದ ಮೇಲೆ ಬೋಟಿನಲ್ಲಿ ಲೆಕ್ಕಕ್ಕಿಲ್ಲ.

ಪ್ರಶ್ನೆ, ಮತ್ತೊಬ್ಬ ಸದಸ್ಯರು, ಕುಂದಾಪುರದಿಂದ:
ಅಣ್ಣಾ, ನಮ್ಮ ಭಾವ ಗಂಗೊಳ್ಳಿಯಲ್ಲಿ ನಾಡದೋಣಿ ಇಟ್ಟುಕೊಂಡಿದ್ದಾರೆ. ಔಟ್‌ಬೋರ್ಡ್ ಇಂಜಿನ್ ಹೊಸದೇ ತಗೊಂಡದ್ದು, ಬಿಲ್ಲೂ ಉಂಟು. ಅದೇ ಮಾಡೆಲ್ ಇಂಜಿನ್ ಹೊರದೇಶದಲ್ಲಿ ವಾಪಸ್ ಕರೆದಿದ್ದಾರೆ ಅಂತ ಯಾರೋ ವಾಟ್ಸಾಪಿನಲ್ಲಿ ಹಾಕಿದ್ದಾರೆ. ಡೀಲರ್ ಹತ್ತಿರ ಕೇಳಿದರೆ ನಮಗೆ ಏನೂ ಬಂದಿಲ್ಲ ಅಂತಾರೆ. ಭಾವ ದಿನಾ ಕಡಲಿಗೆ ಹೋಗುವವರು, ಮನೆಯಲ್ಲಿ ಎಲ್ಲರಿಗೂ ಹೆದರಿಕೆ.

ಉತ್ತರ:
ಹೆದರಿಕೆ ಆಗುವುದು ಸಹಜ ಮಾರಾಯ್ರೆ. ಆದರೆ ಮಾಡೆಲ್ ಒಂದೇ ಅಂದ ಕೂಡಲೇ ನಿಮ್ಮ ಇಂಜಿನ್ನೂ ಸೇರಿದೆ ಅಂತ ಅಲ್ಲ. ರೀಕಾಲ್ ಸಾಮಾನ್ಯವಾಗಿ ಇಂಥ ನಂಬರಿನಿಂದ ಇಂಥ ನಂಬರಿನ ತನಕ ಅಂತ ಇರುತ್ತದೆ. ಇಂಜಿನ್ನನ್ನು ದೋಣಿಗೆ ಕಚ್ಚಿಸುವ ಬ್ರ್ಯಾಕೆಟ್ ಮೇಲೆ ಒಂದು ಚಿಕ್ಕ ಪ್ಲೇಟ್ ಉಂಟಲ್ಲ, ಸೀರಿಯಲ್ ನಂಬರ್ ಅದರಲ್ಲಿದೆ. ಉಪ್ಪುನೀರಿಗೆ ಅಳಿಸಿ ಹೋಗುವ ಮೊದಲು ಫೋಟೋ ತೆಗೆದು ಇಟ್ಟುಕೊಳ್ಳಿ. ಆ ನಂಬರ್ ಹಾಕಿ, ಇದು ರೀಕಾಲಿನಲ್ಲಿ ಬರುತ್ತದಾ ಇಲ್ಲವಾ ಅಂತ ಡೀಲರಿಗೂ ಕಂಪನಿಯ ಭಾರತದ ಕಚೇರಿಗೂ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ಉತ್ತರಕ್ಕೆ ಬೆಲೆ ಇಲ್ಲ.

ನಮ್ಮಲ್ಲೂ ಕಾನೂನು ಉಂಟು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಅಪಾಯಕಾರಿ ವಸ್ತುಗಳನ್ನು ವಾಪಸ್ ಕರೆಸುವ ಅಧಿಕಾರ ಕೊಟ್ಟಿದ್ದಾರೆ. ಮೀನುಗಾರಿಕೆ ವ್ಯಾಪಾರ ಅಲ್ಲವಾ, ನಿಮಗೆ ಇದು ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ಸುಮ್ಮನಾಗಬೇಡಿ. ತನ್ನ ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆಗೆ ಕೊಂಡವನೂ ಗ್ರಾಹಕನೇ ಅಂತ ಕಾಯ್ದೆಯಲ್ಲೇ ಬರೆದಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ವಾಟ್ಸಾಪಿನ ಆ ಸಂದೇಶದಲ್ಲಿ ದೋಷ ಯಾವುದರಲ್ಲಿ ಅಂತ ಉಂಟು? ಸ್ಟೀರಿಂಗೋ, ಪೆಟ್ರೋಲ್ ಲೈನೋ ಆದರೆ ಉತ್ತರ ಬರುವ ತನಕ ಬೇರೆ ಇಂಜಿನ್ ಹಾಕಿಕೊಂಡು ಹೋಗಲಿ, ಇಲ್ಲವೇ ಬೇರೆ ದೋಣಿಯಲ್ಲಿ ಹೋಗಲಿ. ಒಂದು ದಿನದ ದುಡಿಮೆ ಹೋದರೆ ಎಷ್ಟು ಕಷ್ಟ ಅಂತ ನನಗೂ ಗೊತ್ತು, ನಾನೂ ಅದೇ ಕರಾವಳಿಯವ. ಆದರೂ ಹೇಳುತ್ತೇನೆ. ಮತ್ತೆ ಇಂಜಿನ್ ಬಂದ್ ಮಾಡುವ ಆ ಕೆಂಪು ಹಗ್ಗ, ಕಿಲ್ ಸ್ವಿಚ್ಚಿನದ್ದು, ಭಾವನ ಮೈಗೆ ಕಟ್ಟಿರಲಿ, ಇಂಜಿನ್ನಿಗೆ ಸುತ್ತಿಟ್ಟು ಪ್ರಯೋಜನ ಇಲ್ಲ.

ಮೊದಲ ಪ್ರಶ್ನೆ ಕೇಳಿದವರು:
ಸರ್, ನಿಮಗೆ ದೊಡ್ಡ ನಮಸ್ಕಾರ. ಕಂಪನಿಯವರು ಈಮೇಲಿಗೆ ಉತ್ತರ ಕೊಟ್ಟರು. ನಮ್ಮ ಹಲ್ ನಂಬರ್ ಪಟ್ಟಿಯಲ್ಲಿದೆ, ಕೆಲಸ ಬಾಕಿ ಇದೆ, ಪೂರ್ತಿ ಉಚಿತ ಅಂತ ಬರೆದಿದ್ದಾರೆ. ಅದೇ ಡೀಲರ್ ಈಗ ಏಪ್ರಿಲ್ ಮೊದಲ ವಾರಕ್ಕೆ ದಿನ ಕೊಟ್ಟಿದ್ದಾರೆ. ಬೋಟ್ ವಾಪಸ್ ತರುವಾಗ ನಾನು ಏನೇನು ನೋಡಬೇಕು?

ಉತ್ತರ:
ತುಂಬಾ ಖುಷಿ ಆಯಿತು ಸರ್. ಕೆಲಸದ ಕಾಗದದಲ್ಲಿ ರೀಕಾಲ್ ನಂಬರ್, ನಿಮ್ಮ ಹಲ್ ನಂಬರ್, ಏನು ಬದಲಾಯಿಸಿದರು, ತಾರೀಖು, ಇಷ್ಟೂ ಇರಬೇಕು. ‘ಚೆಕ್ ಮಾಡಲಾಗಿದೆ’ ಅಂತ ಮಾತ್ರ ಬರೆದಿದ್ದರೆ ಒಪ್ಪಬೇಡಿ. ತೆಗೆದ ಹಳೆ ಹೋಸ್ ತೋರಿಸಿ ಅಂತ ಕೇಳಿ. ಹ್ಯಾಚ್, ಅಂದರೆ ಮೇಲಿನ ಮುಚ್ಚಳ ತೆಗೆಸಿ ಹೊಸ ಜಾಯಿಂಟನ್ನು ಕಣ್ಣಾರೆ ನೋಡಿ. ತುಂಬುವ ದಪ್ಪ ಹೋಸಿಗೆ ಪ್ರತಿ ತುದಿಯಲ್ಲೂ ಎರಡೆರಡು ಕ್ಲ್ಯಾಂಪ್ ಇರಬೇಕು.

ಮೊದಲ ಸಲ ಟ್ಯಾಂಕ್ ತುಂಬಿಸುವಾಗ ನೀವೊಬ್ಬರೇ ಹೋಗಿ, ಮನೆಯವರು ಬೇಡ. ಬೋಟ್ ಟ್ರೇಲರ್ ಮೇಲೇ ಇರಲಿ, ಟ್ಯಾಂಕ್ ನಿಧಾನ ತುಂಬಿಸಿ. ಬಂಕಿನಿಂದ ದೂರ ತಂದು ಹ್ಯಾಚ್ ತೆಗೆದು ಬಗ್ಗಿ ಮೂಸಿ, ಜಾಯಿಂಟಿನ ಕೆಳಗೆ ಬಟ್ಟೆಯಿಂದ ಒರೆಸಿ ನೋಡಿ. ಸ್ವಲ್ಪ ವಾಸನೆ ಬಂದರೂ ಯಾವ ಸ್ವಿಚ್ಚನ್ನೂ ಮುಟ್ಟದೆ ಡೀಲರಿಗೆ ಫೋನ್ ಮಾಡಿ. ಏನೂ ಇಲ್ಲದಿದ್ದರೆ ಬೋಟ್ ನೀರಿಗಿಳಿಸಿ, ಬ್ಲೋವರ್ ಫ್ಯಾನ್ ನಾಲ್ಕು ನಿಮಿಷ ಓಡಿಸಿ ಆಮೇಲೆ ಕೀ ತಿರುಗಿಸಿ. ಬ್ಲೋವರ್ ಆವಿಯನ್ನು ಮಾತ್ರ ಹೊರಗೆ ಹಾಕುತ್ತದೆ, ತಳದಲ್ಲಿ ನಿಂತ ಪೆಟ್ರೋಲನ್ನಲ್ಲ. ಅದಕ್ಕೇ ಮೂಸುವುದು ಮೊದಲು, ಬ್ಲೋವರ್ ಆಮೇಲೆ. ಮರುದಿನ ಬೆಳಿಗ್ಗೆ ಇನ್ನೊಮ್ಮೆ ಹ್ಯಾಚ್ ತೆಗೆದು ಮೂಸಿ ನೋಡಿ. ಆಗಲೂ ಏನೂ ಇಲ್ಲ ಅಂದರೆ ಅಪ್ಪ ಅಮ್ಮನಿಗೆ ಅವರವರ ಅಳತೆಯ ಲೈಫ್ ಜಾಕೆಟ್ ತಂದಿಡಿ.